ಮೂತಿಗೊಂದು ಇಂಜಿನ್, ಬೆನ್ನಿಗೊಂದು ಇಂಜಿನ್

ಪ್ರಶ್ನೆ: ಸಾರ್, ವಿಯೆಟ್ನಾಂ ಯುದ್ಧದ ಒಂದು ಫೋಟೋದಲ್ಲಿ ಪುಟ್ಟ ವಿಮಾನ ನೋಡ್ದೆ, ಮೂತೀಲೊಂದು ಫ್ಯಾನು, ಹಿಂದ್ಗಡೆ ಇನ್ನೊಂದು. ರೆಕ್ಕೆಗೊಂದೊಂದು ಇಂಜಿನ್ ಇರೋದಲ್ವಾ, ಇದ್ಯಾಕೆ ಹೀಗೆ? (ಓದುಗರು, ಶಿವಮೊಗ್ಗ)

ಉತ್ತರ: ಅದು ಸೆಸ್ನಾ ಓ-2, ಅಮೆರಿಕದ ಸೆಸ್ನಾ ಕಂಪನಿಯ 337 ಸ್ಕೈಮಾಸ್ಟರ್ ವಿಮಾನದ ಮಿಲಿಟರಿ ರೂಪ. ಎರಡು ಇಂಜಿನ್ ಇದ್ರೆ ಒಂದು ಕೈಕೊಟ್ರೂ ಚಿಂತೆ ಇಲ್ಲ ಅನ್ಕೋತೀವಿ, ಆದ್ರೆ ಸಣ್ಣ ವಿಮಾನದಲ್ಲಿ ಅಷ್ಟು ಸಲೀಸಲ್ಲ. ಟೇಕಾಫ್ ಆದ ತಕ್ಷಣ ಎಡಗಡೆ ಇಂಜಿನ್ ನಿಂತ್ರೆ ಬಲಗಡೇದು ಎಳೀತಾನೇ ಇರುತ್ತೆ, ಮೂತಿ ಎಡಕ್ಕೆ ತಿರುಗುತ್ತೆ, ಪೈಲಟ್ ಬಲಗಾಲಲ್ಲಿ ರಡ್ಡರ್ (ಮೂತೀನ ಎಡಕ್ಕೆ ಬಲಕ್ಕೆ ತಿರುಗಿಸೋ, ಬಾಲದಲ್ಲಿರೋ ಹಲಗೆ) ಪೆಡಲ್ ಒತ್ತಿ ಹಿಡೀಬೇಕು, ಸ್ಪೀಡ್ ತೀರಾ ಕಮ್ಮಿ ಇದ್ರೆ ರಡ್ಡರ್‌ಗೂ ಬಗ್ಗಲ್ಲ, ವಿಮಾನ ಮಗುಚಿಕೊಳ್ಳುತ್ತೆ. ಇದಕ್ಕೇ ಸೆಸ್ನಾದವ್ರು ಎರಡೂ ಇಂಜಿನ್ನನ್ನ ಒಂದೇ ಗೆರೇಲಿ ಕೂರಿಸಿದ್ರು, ಮುಂದಿಂದು ಎಳೆಯೋಕೆ, ಹಿಂದಿಂದು ತಳ್ಳೋಕೆ. ಯಾವ್ದು ನಿಂತ್ರೂ ವಿಮಾನ ಪಕ್ಕಕ್ಕೆ ಎಳೆಯಲ್ಲ. ಹಿಂದ್ಗಡೆ ಫ್ಯಾನ್ ತಿರುಗೋಕೆ ಜಾಗ ಬೇಕಲ್ಲ, ಅದಕ್ಕೇ ಬಾಲವನ್ನ ಎರಡು ಉದ್ದನೆ ತೊಲೆಗೆ ಜೋಡಿಸಿರೋದು.

ಮೊದ್ಲು ಬಂದಿದ್ದು 336, ಹಾರಿದ್ದು 1961ರಲ್ಲಿ, ಚಕ್ರ ಮಡಚ್ತಿರ್ಲಿಲ್ಲ. ಚಕ್ರ ಒಳಗೆ ಹೋಗೋ 337 ಬಂದಿದ್ದು 1965ರಲ್ಲಿ, 210 ಹಾರ್ಸ್‌ಪವರ್‌ನ ಎರಡು ಕಾಂಟಿನೆಂಟಲ್ ಇಂಜಿನ್.

ಮಜಾ ಇರೋದು ಇಲ್ಲಿ. ಪಕ್ಕಕ್ಕೆ ಎಳೆಯಲ್ಲ ಅನ್ನೋ ಆ ಗುಣಾನೇ ತೊಂದರೆ ತಂತು. ಹಿಂದಿನ ಇಂಜಿನ್ ಪೈಲಟ್ ಕಣ್ಣಿಗೆ ಬೀಳಲ್ಲ, ಅದು ಆಫ್ ಆದ್ರೆ ವಿಮಾನ ವಾಲಿ ಸುಳಿವೂ ಕೊಡಲ್ಲ, ಮೀಟರ್ ನೋಡಿದ್ರೆ ಮಾತ್ರ ಗೊತ್ತಾಗೋದು. ಹಂಗಾಗಿ ಅದು ನಿಂತಿರೋದು ತಿಳೀದೇ ರನ್‌ವೇ ಮೇಲೆ ಓಡಿಸಿದವ್ರೂ ಇದ್ರು. ಕೊನೆಗೆ 1977ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಒಂದೇ ಇಂಜಿನ್‌ನಲ್ಲಿ ಟೇಕಾಫ್ ಶುರು ಮಾಡ್ಬೇಡಿ ಅಂತ ಕಾಕ್‌ಪಿಟ್‌ನಲ್ಲಿ ಬೋರ್ಡ್ ಹಾಕಿಸ್ತು! ಅದಕ್ಕೇ ಅನುಭವಸ್ಥರು ಹಿಂದಿನ ಇಂಜಿನ್‌ನ ಥ್ರಾಟಲ್ಲೇ (ಇಂಜಿನ್ ಶಕ್ತಿ ಏರಿಸೋ ಹಿಡಿಕೆ) ಮೊದ್ಲು ಒತ್ತಿ, ಮೀಟರ್ ಏರಿದ್ದು ನೋಡ್ಕೊಂಡು, ಆಮೇಲೆ ಮುಂದಿಂದು ಒತ್ತೋದು. ಇನ್ನೊಂದು ವಿಚಿತ್ರ ಅಂದ್ರೆ ಬರೀ ಹಿಂದಿನ ಇಂಜಿನ್ ಓಡ್ತಿದ್ರೆ, ಬರೀ ಮುಂದಿಂದಕ್ಕಿಂತ ಚೆನ್ನಾಗಿ ಮೇಲೇರುತ್ತೆ. ನನ್ ಪ್ರಕಾರ ಐಡಿಯಾ ಒಳ್ಳೇದೇ, ಆದ್ರೆ ಎರಡು ಇಂಜಿನ್ ನಡುವೆ ಕೂತವರ ಕಿವಿ ಗತಿ ಕೇಳ್ಬೇಡಿ.

ಪ್ರಶ್ನೆ: ನಮ್ಮ ಬೆಂಗಳೂರಿನ ಸರಸ್ ವಿಮಾನಕ್ಕೂ ಫ್ಯಾನ್ ಹಿಂದೇನೇ ಅಲ್ವಾ? (ಓದುಗರು, ಹಾಸನ)

ಉತ್ತರ: ಹೌದು, ಆದ್ರೆ ಅಲ್ಲಿ ಎರಡೂ ಹಿಂದೆ, ಅಕ್ಕಪಕ್ಕ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಈ 14 ಸೀಟಿನ ವಿಮಾನ 2004ರ ಮೇ 29ಕ್ಕೆ ಮೊದ್ಲು ಹಾರಿದ್ದು. ಅಂದ್ಕೊಂಡಿದ್ದಕ್ಕಿಂತ ತೂಕ ಜಾಸ್ತಿ ಆಗಿದ್ದೇ ಅದರ ದೊಡ್ಡ ತಲೆನೋವು. 2009ರ ಮಾರ್ಚ್ 6ಕ್ಕೆ ಎರಡನೇ ಮಾದರಿ, ಹಾರ್ತಿದ್ದಾಗಲೇ ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡೋ ಟೆಸ್ಟ್‌ನಲ್ಲಿ ಬಿಡದಿ ಹತ್ರ ಬಿದ್ದು, ವಾಯುಪಡೆಯ ಮೂವರು ತೀರ್ಕೊಂಡ್ರು. ಸುಧಾರಿಸಿದ ಮಾದರಿ ಮತ್ತೆ ಹಾರಿದ್ದು 2018ರ ಜನವರಿಯಲ್ಲಿ.