ಉಜ್ಜಿದರೆ ಮೊಡವೆ ಹೋದೀತೇ?

ಪ್ರಶ್ನೆ: ನನಗೆ 24 ವರ್ಷ. ಕೆನ್ನೆ, ಗಲ್ಲದ ತುಂಬ ಮೊಡವೆ. ದಿನಕ್ಕೆ ಐದಾರು ಸಲ ಮುಖ ತೊಳೆದು ಸ್ಕ್ರಬ್‌ನಿಂದ ಉಜ್ಜುತ್ತೇನೆ. ಎರಡು ವಾರಕ್ಕೊಂದು ಕ್ರೀಮು ಬದಲಿಸಿದರೂ ಗುಣವಿಲ್ಲ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ಆ ಸ್ಕ್ರಬ್ ಎತ್ತಿಡಿ ತಾಯಿ. ಮೊಡವೆ ಕೊಳೆಯ ರೋಗವಲ್ಲ. ರೋಮಕೂಪದೊಳಗೆ ಜಿಡ್ಡು, ಸತ್ತ ಜೀವಕೋಶ ಕಟ್ಟಿಕೊಂಡು ಊದಿಕೊಳ್ಳುವುದು ಅದು. ಉಜ್ಜಿದಷ್ಟೂ ಕೆರಳುತ್ತದೆ. ಸೌಮ್ಯವಾದ ಫೇಸ್‌ವಾಶ್ ದಿನಕ್ಕೆರಡು ಸಲ ಸಾಕು.

ರಾತ್ರಿ ಶೇ 0.1ರ ಅಡಾಪಲೀನ್ ಜೆಲ್ (ರೋಮಕೂಪ ಕಟ್ಟಿಕೊಳ್ಳದಂತೆ ತಡೆಯುವ ಔಷಧ) ಬಟಾಣಿ ಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಿ. ಮೊಡವೆಯ ಮೇಲಷ್ಟೇ ಅಲ್ಲ. ಮೊದಮೊದಲು ದಿನ ಬಿಟ್ಟು ದಿನ. ಸಿಪ್ಪೆ ಏಳಬಹುದು, ಮೊಡವೆ ಹೆಚ್ಚಿದಂತೆಯೂ ಕಾಣಬಹುದು. ಅಲ್ಲಿಗೇ ಬಿಟ್ಟುಬಿಡುವವರೇ ಜಾಸ್ತಿ! ಫಲ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯಾಗಿದ್ದರೆ, ಆ ಯೋಚನೆಯಿದ್ದರೆ ಇದು ಬೇಡ.

ಬೆಳಿಗ್ಗೆ ಶೇ 2.5ರ ಬೆಂಜಾಯಿಲ್ ಪೆರಾಕ್ಸೈಡ್ (ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ಹಚ್ಚಿ. ಬಟ್ಟೆಯ ಬಣ್ಣ ತೆಗೆಯುತ್ತದೆ, ಜೋಕೆ. ನನ್ನ ನೀಲಿ ಟವೆಲ್ಲೊಂದು ಹೀಗೇ ಹಾಳಾಯಿತು. ಮೇಲೆ ಜಿಡ್ಡಿಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್.

ಒಳಗೇ ಗಂಟು ಕಟ್ಟಿ ನೋಯುತ್ತಿದ್ದರೆ ಮಾತ್ರ ಪತ್ರ ಬರೆಯುತ್ತ ಕೂರಬೇಡಿ, ಚರ್ಮವೈದ್ಯರಿಗೆ ಮುಖ ತೋರಿಸಿ.