ಧಾರವಾಡ–ಹುಬ್ಬಳ್ಳಿ ಓಡಾಟಕ್ಕೆ ಎನ್ ಲೈನೋ, ರೇಸರೋ?

ನಮಸ್ಕಾರ್ರೀ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರಲು ಸೆಕೆಂಡ್ ಹ್ಯಾಂಡ್ ಹ್ಯುಂಡೈ ಐ20 ಎನ್ ಲೈನ್ ತಗೊಳ್ಳಲೋ, ಟಾಟಾ ಆಲ್ಟ್ರೋಜ್ ರೇಸರ್ ತಗೊಳ್ಳಲೋ ಎಂದು ಕೇಳಿದ್ದೀರಿ. ನಾನಾದರೆ ಎನ್ ಲೈನ್ ತಗೊಳ್ಳುತ್ತೇನೆ.

ಎರಡರ ಎಂಜಿನ್ ಶಕ್ತಿಯೂ 120 ಪಿಎಸ್ (ಅಶ್ವಶಕ್ತಿಯ ಅಳತೆ). ಅದರಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ದಾರಿ ನೋಡಿ. ಇರುವುದೇ ಸುಮಾರು 20 ಕಿಲೋಮೀಟರ್. ಅವಳಿ ನಗರದ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿಗೆ ಬೇರೆ ದಾರಿ ಇದೆ, ನಮಗಿಲ್ಲ ಅಲ್ವಾ? ನವನಗರ, ಉಣಕಲ್ ಕಡೆ ನಿಂತು ನಿಂತು ಹೋಗಬೇಕು. ಅಲ್ಲಿ ಕಡಿಮೆ ವೇಗದಲ್ಲೇ ಎಳೆಯುವ ಎಂಜಿನ್ ಬೇಕು. ಎನ್ ಲೈನ್ 1,500 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 172 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುತ್ತದೆ. ರೇಸರ್‌ನ 170 ಎನ್‌ಎಂ ಬರುವುದು 1,750ಕ್ಕೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇರುವುದು ಎನ್ ಲೈನ್‌ಗೆ ಮಾತ್ರ.

ಒಂದು ಮಾತು ಮರೆಯಬೇಡಿ. ಎನ್ ಲೈನ್‌ಗೆ ಕ್ಲಚ್ ಪೆಡಲ್ ಇರುವ ಮ್ಯಾನ್ಯುವಲ್ ಗೇರ್ ಬಂದದ್ದು 2023ರಲ್ಲಿ. ಅದನ್ನೇ ಹುಡುಕಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಎನ್ ಲೈನ್‌ನ ಡಿಸಿಟಿ (ಎರಡು ಕ್ಲಚ್ಚಿನ) ಆಟೊಮ್ಯಾಟಿಕ್‌ನಲ್ಲಿರುವುದು ಡ್ರೈ ಕ್ಲಚ್, ಅಂದರೆ ತಂಪು ಮಾಡಲು ಎಣ್ಣೆ ಇಲ್ಲದ್ದು, ತೆವಳುವ ಟ್ರಾಫಿಕ್‌ನಲ್ಲಿ ಬೇಗ ಬಿಸಿಯಾಗುತ್ತದೆ.

ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಮಾತ್ರ ರೇಸರ್ ನೋಡಿ. ಅದರ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಹತ್ತಿ ಇಳಿಯಲು ಸಲೀಸು. ಡಿಕ್ಕಿಯೂ ದೊಡ್ಡದು. ಎನ್ ಲೈನ್‌ನ ಸ್ಪ್ರಿಂಗ್ ಗಟ್ಟಿ, ಮಳೆಗಾಲದ ಗುಂಡಿಗಳು ಸೊಂಟಕ್ಕೆ ಗೊತ್ತಾಗುತ್ತವೆ.

ಅಡ್ವಾನ್ಸ್ ಕೊಡುವ ಮುಂಚೆ ಸಂಜೆ ಆರಕ್ಕೆ ಚೆನ್ನಮ್ಮ ಸರ್ಕಲ್ ಕಡೆ ಎರಡೂ ಗಾಡಿ ಓಡಿಸಿ ನೋಡಿ. ಬೆಳಿಗ್ಗೆ ಖಾಲಿ ಬೈಪಾಸಿನಲ್ಲಿ ಓಡಿಸಿದರೆ ಎರಡೂ ಚೆನ್ನಾಗೇ ಅನ್ನಿಸುತ್ತವೆ.