1893ರ ಮಾರ್ಗನ್ ಡಾಲರ್‌: ‘ಎಸ್’ ಕಂಡ ತಕ್ಷಣ ದುಡ್ಡು ಕೊಡಬೇಡಿ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬರ ಹತ್ತಿರ 1893ರ ಮಾರ್ಗನ್ ಬೆಳ್ಳಿ ಡಾಲರ್ (ಅಮೆರಿಕದ ಹಳೆ ಒಂದು ಡಾಲರ್ ನಾಣ್ಯ) ಇದೆ. ಹಿಂಬದಿಯಲ್ಲಿ ‘ಎಸ್’ ಅಕ್ಷರ ಇದೆ. 600 ಡಾಲರ್ ಹೇಳುತ್ತಿದ್ದಾರೆ. ತಗೋಬಹುದಾ? ನನ್ನ ಹತ್ತಿರ 1921ರದ್ದೂ ಒಂದಿದೆ, ಅದಕ್ಕೆಷ್ಟು ಬರುತ್ತೆ?

ಉತ್ತರ: ಸದ್ಯಕ್ಕೆ ತಗೋಬೇಡಿ. ‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು. ಆ ವರ್ಷ ಅಲ್ಲಿ ಅಚ್ಚಾಗಿದ್ದು ಬರೀ 1 ಲಕ್ಷ. ಹಾಗಾಗಿ ಅಸಲಿಯಾದರೆ ಸವೆದು ಹೋಗಿದ್ದಕ್ಕೂ ಸಾವಿರಾರು ಡಾಲರ್ ಬೆಲೆ ಇದೆ. 600ಕ್ಕೆ ಕೊಡ್ತಾರೆ ಅಂದರೆ ಅನುಮಾನ ಬರಲೇಬೇಕು.

ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಸುಮಾರು 3,78,000 ಡಾಲರ್ ಅಚ್ಚಾದವು. ಅವುಗಳ ಮೇಲೆ ಟಂಕಸಾಲೆಯ ಅಕ್ಷರ ಇಲ್ಲ. ಮೋಸಗಾರರು ಅಂಥದ್ದನ್ನೇ ಹಿಡಿದು, ಬೇರೆ ನಾಣ್ಯದಿಂದ ಕಿತ್ತ ‘ಎಸ್’ ಅಂಟಿಸಿ ಮಾರುತ್ತಾರೆ. ಒಳ್ಳೆ ಭೂತಗನ್ನಡಿ ಹಿಡಿದು ಅಕ್ಷರದ ಬುಡ ನೋಡಿ, ಅಂಟಿನ ಗೆರೆ ಕಾಣಬಹುದು. ಆಮೇಲೆ ಮುಂಬದಿ. ಅಸಲಿ 1893-ಎಸ್ ಎಲ್ಲದರ ಮುಂಬದಿಯೂ ಒಂದೇ ಅಚ್ಚಿನಿಂದ ಬಂದದ್ದು. ಆ ಅಚ್ಚಿನ ಗುರುತು, ಮುಂಬದಿಯಲ್ಲಿರುವ ಲಿಬರ್ಟಿ ದೇವಿಯ ಕಿರೀಟದಲ್ಲಿರುವ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ಮೇಲ್ತುದಿಯಲ್ಲಿ ಓರೆಯಾಗಿ ಉಬ್ಬಿದ ಒಂದು ಸಣ್ಣ ಗೆರೆ. ತುಂಬಾ ಸವೆದಿದ್ದರೆ ಅದು ಅಳಿಸಿ ಹೋಗಿರುತ್ತೆ, ನಿಜ. ಆದರೆ ನಾಣ್ಯ ಚೆನ್ನಾಗಿದ್ದೂ ಗೆರೆ ಇಲ್ಲ ಅಂದರೆ ಮಾತೇ ಬೇಡ. ತೂಕವೂ ನೋಡಿ: ಹೊಸದರಲ್ಲಿ 26.73 ಗ್ರಾಂ, ಶೇ. 90 ಬೆಳ್ಳಿ. ಅಂಟಿಸಿದ ‘ಎಸ್’ ಮಾತ್ರ ತೂಕದಲ್ಲಿ ಸಿಕ್ಕಿಬೀಳಲ್ಲ, ಯಾಕೆಂದರೆ ಆ ನಾಣ್ಯವೂ ನಿಜವಾದ ಬೆಳ್ಳಿಯೇ ಅಲ್ವಾ.

ಇನ್ನೊಂದು ಮಾತು. ಎಷ್ಟು ಅಚ್ಚಾಯಿತು ಅನ್ನೋದಕ್ಕಿಂತ ಎಷ್ಟು ಉಳಿಯಿತು ಅನ್ನೋದೇ ಮುಖ್ಯ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್ ಕರಗಿಸಿತು. ಮೊದಲ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುತ್ತಿದ್ದರು, ಬ್ರಿಟಿಷರ ಹತ್ತಿರ ಬೆಳ್ಳಿ ಸಾಲುತ್ತಿರಲಿಲ್ಲ, ಹಾಗಾಗಿ ಅದರಲ್ಲಿ ಬಹುಪಾಲು ಭಾರತಕ್ಕೇ ಬಂತು. ಯಾವ ವರ್ಷದ ಡಾಲರ್ ಎಷ್ಟು ಕರಗಿತು ಅಂತ ಯಾರೂ ಲೆಕ್ಕ ಇಡಲಿಲ್ಲ. ನ್ಯೂ ಆರ್ಲಿಯನ್ಸ್‌ನ 1903ರ ಡಾಲರ್ ನೋಡಿ. ಅಚ್ಚಾಗಿದ್ದು 44 ಲಕ್ಷಕ್ಕೂ ಜಾಸ್ತಿ, ಆದರೂ ಸಂಗ್ರಹಕಾರರಿಗೆ ಸಿಗುತ್ತಲೇ ಇರಲಿಲ್ಲ. 1962ರಲ್ಲಿ ಸರ್ಕಾರದ ಖಜಾನೆಯಿಂದ ಚೀಲಗಟ್ಟಲೆ ಹೊರಬಂದವು, ಬೆಲೆ ನೆಲ ಕಚ್ಚಿತು.

ನಿಮ್ಮ 1921ರದ್ದು 1893-ಎಸ್‌ಗೆ ತದ್ವಿರುದ್ಧ. ಫಿಲಡೆಲ್ಫಿಯಾ ಒಂದರಲ್ಲೇ ಸುಮಾರು 4.47 ಕೋಟಿ ಅಚ್ಚಾದವು. ಸಾಮಾನ್ಯ ಸ್ಥಿತಿಯಲ್ಲಿದ್ದರೆ ಬೆಳ್ಳಿಯ ಬೆಲೆ, ಅದರ ಮೇಲೆ ಇನ್ನೊಂಚೂರು ಸಿಗಬಹುದು. ದಯವಿಟ್ಟು ಪಾಲಿಶ್ ಮಾತ್ರ ಮಾಡಿಸಬೇಡಿ, ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಕೊಡ್ತಾರೆ.

1893ರದ್ದು ಬೇಕೇ ಬೇಕು ಅಂದರೆ, ನಾಣ್ಯ ಪರೀಕ್ಷಿಸುವ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪರೀಕ್ಷಿಸಿ ಡಬ್ಬಿಯಲ್ಲಿ ಸೀಲ್ ಮಾಡಿದ್ದನ್ನೇ ತಗೊಳ್ಳಿ, ಡಬ್ಬಿಯ ನಂಬರನ್ನು ಅವರ ವೆಬ್‌ಸೈಟ್‌ನಲ್ಲಿ ಹಾಕಿ ಫೋಟೋ ತಾಳೆ ನೋಡಿ. ಸಂತೆಯವರಿಗೂ ಇದನ್ನೇ ಹೇಳಿ: ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ವ್ಯಾಪಾರ.